ಎರಡು ರೈಲು ಹೋಗುವಷ್ಟು ಹೊತ್ತು

ನನ್ನ ಪುಳ್ಳಿ, ಮಗಳ ಮಗಳು ಧನ್ಯಳ ಮಾತ್ರೆ ಇವತ್ತಿಗೆ ಪೂರ್ತಿ ನಿಂತಿತು! ಕೊನೆಗೆ ಉಳಿದಿದ್ದ ಅರ್ಧ ಮಾತ್ರೆಯೂ ಇನ್ನು ಬೇಡ, ಫಿಟ್ಸ್ ಬಾರದೆ ಮೂರು ವರ್ಷ ದಾಟಿತು, ಹುಡುಗಿ ಎಲ್ಲರ ಹಾಗೆ ಇರಲಿ ಎಂದು ಮಂಗಳೂರಿನ ಡಾಕ್ಟರು ಇವತ್ತು ಬೆಳಿಗ್ಗೆ ಹೇಳಿದರಂತೆ. ಸುದ್ದಿ ಬಂದ ಮೇಲೆ ನಾನು ಮನೆಯಲ್ಲಿ ಕೂತವಳಲ್ಲ. ಬೀಡಿ ಕಟ್ಟಿ ಒಪ್ಪಿಸುವ ಬ್ರಾಂಚಿನಲ್ಲಿ ಹೇಳಿದೆ, ರಿಕ್ಷಾದವರಿಗೆ ಹೇಳಿದೆ, ಮೀನು ತರುವ ಹೆಂಗಸಿನ ಬುಟ್ಟಿ ಇಳಿಸಿ ಹೇಳಿದೆ. ತಲಪಾಡಿ ಬಸ್ಸಿಗೆ ಕಾಯುತ್ತಿದ್ದ ಒಬ್ಬರಿಗೂ ಹೇಳಿದೆ. ಅವರ ಗುರುತು ಕೂಡ ನನಗಿಲ್ಲ. ಪಾಪ, ಅವರು ಬಸ್ಸು ಬಿಟ್ಟು ಕೇಳಿದರು.

ಆದರೆ ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಆಸ್ಪತ್ರೆಯ ಮೆಟ್ಟಲಿನಿಂದ ಧನ್ಯ ಫೋನ್ ಮಾಡಿದಾಗ ನಾನು ಖುಷಿಯಲ್ಲಿ ಬೊಬ್ಬೆ ಹಾಕಿ ಹೇಳಿದೆ, "ಬದಿಯಡ್ಕದ ಅಜ್ಜಿಗೂ ಹೇಳು ಮಗಾ" ಎಂದು. "ಅವರಿಗೆ ಆಗಲೇ ಹೇಳಿ ಆಯ್ತಜ್ಜಿ" ಎಂದಳು. ಅಷ್ಟು ದೊಡ್ಡ ಖುಷಿಯ ನಡುವೆ ನನ್ನ ಹೊಟ್ಟೆಯೊಳಗೆ ಒಂದು ಸಾಸಿವೆ ಚಟ್ ಎಂದು ಸಿಡಿಯಿತು.

ಫೋನ್ ಬಂದಾಗ ನಾನು ಬೀಡಿ ಎಲೆಯನ್ನು ನೀರಿನಲ್ಲಿ ಅದ್ದಿ ಗೋಣಿಯಲ್ಲಿ ಸುತ್ತುತ್ತಿದ್ದೆ. ಒದ್ದೆ ಎಲೆಗೆ ಒಂದು ವಾಸನೆ ಉಂಟು, ಒಣಗಿದ ಕಾಡಿಗೆ ಮೊದಲ ಮಳೆ ಬಿದ್ದ ಹಾಗೆ. ಫೋನ್ ಇಟ್ಟ ಮೇಲೆ ಆ ವಾಸನೆ ಮೂಗಿಗೆ ಹೊಡೆದದ್ದೇ, ನಾಲ್ಕು ವರ್ಷದ ಹಿಂದಿನ ಮಳೆಗಾಲ ಇಡೀ ನನ್ನ ಎದುರು ಬಂದು ಕೂತಿತು. ಎರಡು ಸಾವಿರದ ಹದಿನೈದರ ಮಳೆಗಾಲ. ಮಂಜೇಶ್ವರದ ಈ ಎರಡು ಕೋಣೆಯ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿ, ಇಬ್ಬರು ಅಜ್ಜಿಯರು ಮೂರು ತಿಂಗಳು ಕಳೆದ ಮಳೆಗಾಲ.

ಬದಿಯಡ್ಕದ ಅಜ್ಜಿ ಎಂದರೆ ಸರೋಜ ಟೀಚರ್, ನನ್ನ ಮಗಳು ಶೋಭಳ ಅತ್ತೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ನಾನು ಮೂರನೇ ಕ್ಲಾಸಿಗೆ ಚೀಲ ನೇತುಹಾಕಿ ಬೀಡಿಗೆ ಕೂತವಳು. ಅವರ ಸೀರೆಯ ನೆರಿಗೆ ಸಂಜೆಯವರೆಗೂ ಮುರಿಯುವುದಿಲ್ಲ. ಅವರು ಮಾತಾಡಿದರೆ ಬಸ್ಸಿನ ಕಂಡಕ್ಟರ್ ಕೂಡ "ಹೌದು ಟೀಚರ್" ಎನ್ನುತ್ತಾನೆ. ಧನ್ಯ ಐದನೇ ಕ್ಲಾಸಿಗೆ ಬಂದಾಗ, ಬದಿಯಡ್ಕದಲ್ಲಿ ಶಾಲೆ ಒಳ್ಳೆಯದುಂಟು, ನನ್ನ ಹತ್ತಿರವೇ ಇರಲಿ ಎಂದು ಕರೆದುಕೊಂಡು ಹೋದರು. ಹುಟ್ಟಿದಂದಿನಿಂದ ನನ್ನ ಮಡಿಲಲ್ಲಿ ಬೆಳೆದ ಮಗು. ಶೋಭ ಮತ್ತು ಅಳಿಯ ರಾಜೇಶ ಶಾರ್ಜಾದಲ್ಲಿ ದುಡಿಯುವಾಗ ಅದಕ್ಕೆ ಅಪ್ಪನೂ ಅಮ್ಮನೂ ನಾನೇ. ಆಮೇಲೆ ಶೋಭ ಊರಿಗೆ ಬಂದು ನಿಂತರೂ, ಅವಳು ಗಂಡನ ಮನೆಗೆ ಸೇರಿದವಳಲ್ಲವಾ. ನನಗೆ ಉಳಿದದ್ದು ಮಗುವನ್ನು ನೋಡಿಬರುವ ಶನಿವಾರದ ಬಸ್ಸು.

ಧನ್ಯಳಿಗೆ ಒಂಬತ್ತು ವರ್ಷವಾದಾಗ ಅದು ಶುರುವಾಯಿತು. ಬೀಳುವುದಿಲ್ಲ, ನೊರೆ ಇಲ್ಲ. "ಹೊಟ್ಟೆಯಿಂದ ಎಂತದೋ ಮೇಲೆ ಬರ್ತದೆ ಅಜ್ಜಿ" ಎನ್ನುತ್ತಾಳೆ, ಅಷ್ಟೇ. ಕಣ್ಣು ಒಂದು ಕಡೆ ನಿಲ್ಲುತ್ತದೆ. ಬಾಯಿಯಲ್ಲಿ ಏನೂ ಇಲ್ಲದಿದ್ದರೂ ಜಗಿಯುತ್ತಾಳೆ. ಕರೆದರೆ ಕೇಳುವುದಿಲ್ಲ. ಮೂರು ಬೀಡಿ ಸುತ್ತುವಷ್ಟು ಹೊತ್ತು. ಮತ್ತೆ ಎಚ್ಚರವಾದವಳ ಹಾಗೆ ನೋಡಿ, "ನಾನು ಎಂತ ಹೇಳ್ತಾ ಇದ್ದೆ?" ಎಂದು ಕೇಳುತ್ತಾಳೆ. ಗಾಳಿ ಸೋಕಿದೆ ಎಂದವರುಂಟು, ಕಣ್ಣು ಬಿದ್ದಿದೆ ಎಂದವರುಂಟು. ನಾನೂ ನೂಲು ಕಟ್ಟಿಸಿದೆ. ಡಾಕ್ಟರು ಅಪಸ್ಮಾರದಲ್ಲಿ ಇದೂ ಒಂದು ಬಗೆ ಎಂದು ಮಾತ್ರೆ ಕೊಟ್ಟರು. ಒಂದು ಮಾತ್ರೆ ಎರಡಾಯಿತು. ಹನ್ನೆರಡನೇ ವರ್ಷದ ಆ ಜೂನಿನಲ್ಲಿ ವಾರಕ್ಕೆ ಮೂರು ಸಲ ಬರತೊಡಗಿತು. ಶಾಲೆಯ ಬಾವಿಯ ಹತ್ತಿರ ಒಮ್ಮೆ ಬಂದು, ಯಾರೋ ಹಿಡಿದದ್ದರಿಂದ ಉಳಿದಳು. ಮಂಗಳೂರಿಗೆ ಹೋಗಿಬರಲು ಮಂಜೇಶ್ವರವೇ ಹತ್ತಿರ ಎಂದು ಶೋಭ ಮಗುವನ್ನು ಇಲ್ಲಿಗೆ ಕರೆತಂದಳು. ನನಗೆ ಕಷ್ಟದಲ್ಲೂ ಒಳಗೊಳಗೆ ಹಬ್ಬ. ರಿಕ್ಷಾದಿಂದ ಶೋಭ ಇಳಿದಳು, ಧನ್ಯ ಇಳಿದಳು, ಮತ್ತೊಂದು ಕೊಡೆ ಬಿಚ್ಚಿಕೊಂಡಿತು. ಟೀಚರ್.

"ಮಗು ಹೀಗಿರುವಾಗ ನಾನು ಅಲ್ಲಿ ಕೂತು ಎಂತ ಮಾಡ್ಲಿ ಲಲಿತಕ್ಕ?" ಎಂದರು.

"ಬನ್ನಿ ಟೀಚರೇ, ನಿಮ್ಮದೇ ಮನೆ" ಎಂದೆ. ಎಷ್ಟು ಸುಳ್ಳು!

ಅವರು ಒಂದು ನೋಟುಬುಕ್ಕು ತಂದಿದ್ದರು. ಧನ್ಯಳಿಗೆ ಯಾವಾಗ ಬಂತು, ಎಷ್ಟು ನಿಮಿಷ, ಮೊದಲು ಏನು ತಿಂದಿದ್ದಳು, ನಿದ್ದೆ ಎಷ್ಟು, ಎಲ್ಲ ಅದರಲ್ಲಿ ಗೆರೆ ಹಾಕಿ ಬರೆಯುತ್ತಿದ್ದರು. ಮಳೆಯಲ್ಲಿ ನೆನೆಯಬಾರದೆಂದು ಅದಕ್ಕೆ ಪ್ಲಾಸ್ಟಿಕ್ ಹೊದಿಕೆ. ನನ್ನ ಮನೆಯಲ್ಲಿ ಸೋರದ ಜಾಗ ಇದ್ದದ್ದೇ ಒಂದು, ನನ್ನ ಬೀಡಿ ಎಲೆ ಇಡುವ ಮೂಲೆ. ಆ ಪುಸ್ತಕ ಹೋಗಿ ಅಲ್ಲಿ ಕೂತಿತು. ಧನ್ಯಳ ಜಡೆ ಕಟ್ಟಲು ಹೋದರೆ ಟೀಚರ್ ಆಗಲೇ ಕಟ್ಟಿ ಆಗಿರುತ್ತಿತ್ತು. ಗಂಜಿಗೆ ಕರೆದರೆ "ಬದಿಯಡ್ಕ ಅಜ್ಜಿ ಕಥೆ ಹೇಳ್ತಾ ಇದ್ದಾರೆ, ಮುಗೀಲಿ" ಎಂಬ ಉತ್ತರ. ಹೊರಗೆ ಧೋ ಎಂದು ಮಳೆ, ಒಳಗೆ ನನಗೆ ಬೆಂಕಿ.

ಮಂಗಳೂರಿನ ಡಾಕ್ಟರು ಸಣ್ಣ ಸ್ವರದ ಮನುಷ್ಯ. ನಮ್ಮನ್ನೆಲ್ಲ ಕೂರಿಸಿ ಹೇಳಿದರು: ಎರಡು ಬಗೆಯ ಮಾತ್ರೆಗೂ ಬಗ್ಗದ ಫಿಟ್ಸ್ ಎಂದರೆ ಮಿದುಳಿನಲ್ಲಿ ಎಲ್ಲೋ ಒಂದು ಜಾಗದಿಂದ ಅದು ಹೊರಡುತ್ತಿದೆ. ಆ ಜಾಗವನ್ನು ಹುಡುಕಬೇಕು. ಕೆಲವರಿಗೆ ಪೆಟ್ಟು ಬಿದ್ದ ಕಲೆ ಇರುತ್ತದೆ, ಕೆಲವರಿಗೆ ಸಣ್ಣ ಗಡ್ಡೆ, ರಕ್ತನಾಳದ ಗಂಟು, ಹುಳದ ಮೊಟ್ಟೆ ಹೊಕ್ಕು ಕೂತ ಗುಳ್ಳೆ. ಕೆಲವರಿಗೆ ಹೊಟ್ಟೆಯಲ್ಲಿರುವಾಗಲೇ ಮಿದುಳಿನ ಒಂದು ತುಂಡು ಸರಿಯಾಗಿ ಕೂಡಿರುವುದಿಲ್ಲ. ಆಮೇಲೆ ಕೇಳಿದರು, "ಮಗು ಸಣ್ಣದಿರುವಾಗ ಜ್ವರ ಬಂದು ಫಿಟ್ಸ್ ಆಗಿತ್ತಾ? ಜಾಸ್ತಿ ಹೊತ್ತು?"

ಶೋಭ ನನ್ನ ಮುಖ ನೋಡಿದಳು. ಆ ದಿನಗಳಲ್ಲಿ ಮಗುವಿನ ಜೊತೆ ಇದ್ದದ್ದು ನಾನೊಬ್ಬಳೇ.

"ಇಲ್ಲ" ಎಂದೆ.

ಆಗಿತ್ತು. ಹದಿನಾಲ್ಕು ತಿಂಗಳ ಮಗು. ಶೋಭ ಶಾರ್ಜಾಕ್ಕೆ ಹೋಗಿ ಒಂದು ತಿಂಗಳಾಗಿತ್ತು. ಮಗುವನ್ನು ಬದಿಯಡ್ಕದಲ್ಲಿ ಬಿಡುವ ಎಂದು ರಾಜೇಶ ಹೇಳಿದ್ದ. ನಾನು ಅಳಿಯನ ಎದುರು ನಿಂತು, "ನನ್ನ ಕಣ್ಣಿನ ಹಾಗೆ ನೋಡಿಕೊಳ್ತೇನೆ" ಎಂದು ಮಾತು ಕೊಟ್ಟು ಇಟ್ಟುಕೊಂಡಿದ್ದೆ. ಆ ಮಧ್ಯಾಹ್ನ ಜ್ವರದಲ್ಲಿ ಮಗು ಸೆಟೆದು, ಎಡಗೈ ಎಡಗಾಲು ಬಡಿಯತೊಡಗಿತು. ನಾನು ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಅದರ ಮುಷ್ಟಿಗೆ ಕಬ್ಬಿಣದ ಬೀಗದ ಕೈ ತುರುಕಿದೆ. ಬಿಟ್ಟೀತು, ಈಗ ಬಿಟ್ಟೀತು ಎಂದು ಕಾದೆ. ಬಿಡಲಿಲ್ಲ. ಎತ್ತಿಕೊಂಡು ರಿಕ್ಷಾ ಹತ್ತಿದರೆ ರೈಲ್ವೆ ಗೇಟು ಮುಚ್ಚಿತ್ತು. ಮಂಗಳೂರು ಕಡೆಯ ಪ್ಯಾಸೆಂಜರ್ ಹೋಯಿತು. ಗೇಟು ತೆರೆಯಲಿಲ್ಲ. ಮತ್ತೆ ಕಾದು, ಒಂದು ಗೂಡ್ಸ್ ಹೋಯಿತು, ಮುಗಿಯದಷ್ಟು ಉದ್ದದ್ದು. ಡಬ್ಬಿ ಡಬ್ಬಿಯೂ ನನ್ನ ಎದೆಯ ಮೇಲೆ ಹೋಯಿತು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಮಗು ಸಡಿಲವಾಯಿತು. ಮರುದಿನ ಗಂಜಿನೀರು ಕುಡಿದು ನಕ್ಕಿತು. ಇನ್ನು ಯಾರಿಗೆ ಯಾಕೆ ಹೇಳಬೇಕು? ಹೇಳಿದರೆ ಟೀಚರ್ ಮರುದಿನವೇ ಬಂದು ಮಗುವನ್ನು ಕರೆದುಕೊಂಡು ಹೋಗುತ್ತಾರೆ. ಹನ್ನೊಂದು ವರ್ಷ ನಾನು ಬಾಯಿ ಬಿಡಲಿಲ್ಲ.

ಮಿದುಳಿನ ಸ್ಕ್ಯಾನಿಂಗ್ ಆಯಿತು. ರಿಪೋರ್ಟಿನಲ್ಲಿ ಎಲ್ಲ ಸರಿ ಉಂಟು ಎಂದು ಬಂತು. ಎಲ್ಲ ಸರಿ ಇದ್ದರೆ ಮಗು ಯಾಕೆ ಹೀಗೆ?

ಮುಂದಿನ ಸಲ ಹೋದಾಗ ಡಾಕ್ಟರು ಟೀಚರಿನ ಪುಸ್ತಕ ಪುಟ ಪುಟವಾಗಿ ಓದಿದರು. "ಟೀಚರ್, ಇದು ಚಿನ್ನ. ಎಲ್ಲ ಮನೆಯಲ್ಲಿ ನಿಮ್ಮ ಹಾಗೆ ಒಬ್ಬರು ಇದ್ದರೆ ನಮ್ಮ ಕೆಲಸ ಅರ್ಧ ಆಗ್ತದೆ" ಎಂದರು. ಶೋಭಳ ಮುಖ ಅರಳಿತು. ನನ್ನ ಹೊಟ್ಟೆಯಲ್ಲಿ ಆದದ್ದನ್ನು ಯಾವ ಯಂತ್ರದಲ್ಲಿ ಹಾಕಿದರೂ ಕಾಣುತ್ತಿತ್ತು.

ಅಷ್ಟರಲ್ಲಿ ಡಾಕ್ಟರು ಒಂದು ಸಾಲಿನಲ್ಲಿ ಬೆರಳಿಟ್ಟರು. "ಇಲ್ಲಿ 'ಕೈ ಆಡಿಸಿದಳು' ಅಂತ ಉಂಟು. ಯಾವ ಕೈ?"

ಟೀಚರ್ ಕನ್ನಡಕ ಸರಿಮಾಡಿಕೊಂಡರು. "ಅದು... ಎರಡೂ ಇರಬೇಕು ಡಾಕ್ಟ್ರೇ."

"ಎರಡೂ ಅಲ್ಲ!" ನನಗೆ ಗೊತ್ತಾಗುವ ಮೊದಲೇ ಎದ್ದು ನಿಂತಿದ್ದೆ. "ಬಲಗೈಯಲ್ಲಿ ಲಂಗದ ಅಂಚು ಹೀಗೆ ಹೀಗೆ ಹಿಸುಕ್ತಾಳೆ ಸಾರ್, ಎಲೆ ಸುತ್ತುವ ಹಾಗೆ. ಎಡಗೈ ಆಡುದೇ ಇಲ್ಲ. ಅದು ಮಣಿಕಟ್ಟಿನಲ್ಲಿ ಸೊಟ್ಟ ತಿರುಗಿ ಕಟ್ಟಿಗೆ ಆಗ್ತದೆ. ಪ್ರತಿ ಸಲವೂ ಹಾಗೇ."

"ನಿಮಗೆ ಖಂಡಿತ ಗೊತ್ತುಂಟಾ ಅಮ್ಮ?"

"ಐವತ್ತು ವರ್ಷದಿಂದ ಬೀಡಿ ಕಟ್ಟುವವಳು ಸಾರ್. ಮನುಷ್ಯರನ್ನು ಕಂಡರೆ ನಾನು ಮೊದಲು ನೋಡುದು ಬೆರಳು. ಮುಖ ಆಮೇಲೆ."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ನಾನು ಟೀಚರನ್ನು ನೋಡಿದೆ. ಅವರು ಪುಸ್ತಕ ತೆಗೆದು "ಬಲ, ಎಡ" ಎಂದು ಸಣ್ಣಕ್ಕೆ ಬರೆದುಕೊಳ್ಳುತ್ತಿದ್ದರು. ಆ ಅಕ್ಷರ ನನಗೆ ಓದಲು ಬರುತ್ತಿತ್ತು. ಜನ್ಮದಲ್ಲಿ ಅಷ್ಟು ಸುಖವಾಗಿ ನಾನು ಯಾವ ಅಕ್ಷರವನ್ನೂ ಓದಿದವಳಲ್ಲ.

"ಹಾಗಾದರೆ ಬಲಗಡೆಯ ಕಿವಿಯ ಮೇಲಿನ ಭಾಗ, ಒಳಗೆ" ಎಂದರು ಡಾಕ್ಟರು. "ಮೊದಲಿನ ಸ್ಕ್ಯಾನಿಂಗ್ ಇಡೀ ತಲೆಯನ್ನು ದಪ್ಪ ದಪ್ಪ ಹೋಳು ಮಾಡಿ ನೋಡಿದ್ದು. ಸಣ್ಣದು ತಪ್ಪಿಹೋಗ್ತದೆ. ಆ ಜಾಗಕ್ಕೇ ಓರೆಯಾಗಿ, ತೆಳ್ಳಗೆ ಹೋಳು ಮಾಡಿ ಇನ್ನೊಮ್ಮೆ ನೋಡುವ."

"ಇನ್ನೊಮ್ಮೆಯಾ?" ಶೋಭ ಹಿಂಜರಿದಳು. ಮೊದಲ ಸಲ ಧನ್ಯ ಯಂತ್ರದೊಳಗೆ ಹೆದರಿ ವಾಂತಿ ಮಾಡಿಕೊಂಡಿದ್ದಳು. ಏನೂ ಇಲ್ಲ ಎಂದು ಬಂದ ಮೇಲೆ ಮಗುವನ್ನು ಮತ್ತೆ ಗೋಳು ಹೊಯ್ದುಕೊಳ್ಳುವುದು ಬೇಡ ಎಂದು ರಾಜೇಶ ಫೋನಿನಲ್ಲಿ ಖಡಾಖಂಡಿತ ಹೇಳಿದ್ದ. ಟೀಚರಿಗೂ ಅದೇ ಮನಸ್ಸು. "ಮಳೆಗಾಲ ಮುಗಿಯಲಿ ಡಾಕ್ಟ್ರೇ, ಆಮೇಲೆ ನೋಡುವ" ಎಂದರು.

ಡಾಕ್ಟರು ಒತ್ತಾಯ ಮಾಡಲಿಲ್ಲ. "ಜ್ವರದ ಫಿಟ್ಸ್ ಆಗಿದ್ದರೆ ನಾನು ಗಟ್ಟಿಯಾಗಿ ಹೇಳ್ತಿದ್ದೆ. ಅದೊಂದು ಇದ್ದಿದ್ದರೆ ಎಲ್ಲ ಒಂದಕ್ಕೊಂದು ಕೂಡ್ತಿತ್ತು" ಎಂದು ಚೀಟಿ ಮಡಚಿದರು.

ಶೋಭ ಚೀಲ ತೆಗೆದುಕೊಂಡು ಎದ್ದಳು. ಧನ್ಯ ಬಾಗಿಲ ಹೊರಗೆ ಬೆಂಚಿನಲ್ಲಿ ಕಾಲು ಆಡಿಸುತ್ತಾ ಕೂತಿದ್ದದ್ದು ಕಾಣುತ್ತಿತ್ತು. ಮಳೆಗಾಲ ಮುಗಿಯಲಿ ಎಂದರೆ ಇನ್ನೂ ಎಷ್ಟು ಸಲ, ಎಷ್ಟು ಬಾವಿಯ ಹತ್ತಿರ? ಮತ್ತೆ ನಾನು ಹೇಳಿದರೆ? ಈಗ ಗೆದ್ದ ಬಲಗೈ ಎಡಗೈ ಎಲ್ಲ ಹೋಗಿ, ಮಗುವಿನ ತಲೆ ಹಾಳು ಮಾಡಿದ ಅಜ್ಜಿ ಎಂಬ ಹೆಸರು. ಅದೂ ಟೀಚರಿನ ಎದುರು.

"ಸಾರ್, ನಾನು ಆವತ್ತು ಸುಳ್ಳು ಹೇಳಿದ್ದು" ಎಂದೆ. "ಜ್ವರ ಬಂದು ಆಗಿದೆ. ಹದಿನಾಲ್ಕು ತಿಂಗಳಲ್ಲಿ. ಎಡಗಡೆ."

ಶೋಭ ಎತ್ತಿದ ಚೀಲವನ್ನು ಮತ್ತೆ ಕೆಳಗಿಟ್ಟಳು.

"ಎಷ್ಟು ಹೊತ್ತು ಅಮ್ಮ?"

"ಗಂಟೆ ನೋಡ್ಲಿಲ್ಲ ಸಾರ್. ಮನೆಯಲ್ಲಿ ಬೀಗದ ಕೈ ಹಿಡಿಸಿ ಸ್ವಲ್ಪ ಹೊತ್ತು ಕಾದೆ. ಮತ್ತೆ ಗೇಟಿನಲ್ಲಿ ಎರಡು ರೈಲು ಹೋಗುವಷ್ಟು ಹೊತ್ತು."

"ಯಾವ ರೈಲು?" ಕೇಳಿದ್ದು ಟೀಚರ್. ಸ್ವರದಲ್ಲಿ ಸಿಟ್ಟಿಲ್ಲ, ಹಾಜರಿ ಕರೆಯುವ ಸ್ವರ.

"ಮಂಗಳೂರು ಪ್ಯಾಸೆಂಜರ್. ಮತ್ತೆ ಒಂದು ಗೂಡ್ಸ್."

ಅವರು ಬರೆದರು. ಡಾಕ್ಟರು ಲೆಕ್ಕ ಹಾಕಿ, "ಅರ್ಧ ಗಂಟೆಯ ಮೇಲೆ" ಎಂದರು. ಮಡಚಿದ ಚೀಟಿ ಬಿಚ್ಚಿ ಅದರ ಮೇಲೆ ಇನ್ನೂ ನಾಲ್ಕು ಸಾಲು ಬರೆದರು. "ಇನ್ನು ಕಾಯುವುದು ಬೇಡ" ಎಂದರು. ಶೋಭ ಚೀಟಿಗೆ ಕೈ ಚಾಚಿದಳು.

ಹೊರಗೆ ಬಂದ ಮೇಲೆ ಶೋಭ ಒಂದೇ ಮಾತು ಕೇಳಿದಳು. "ನಾನು ಹೆತ್ತವಳಲ್ವಾ ಅಮ್ಮ? ನನಗೂ ಹೇಳ್ಲಿಕ್ಕೆ ಆಗ್ಲಿಲ್ವಾ?" ಆಮೇಲೆ ನನ್ನ ಹತ್ತಿರ ಬೇಕಾದಷ್ಟಕ್ಕೆ ಮಾತ್ರ ಮಾತು. ಅನ್ನ ಬೇಕಾ, ಸಾಕಾ, ಅಷ್ಟೇ. ಟೀಚರ್ ಬೈಯುತ್ತಾರೆ ಎಂದು ನಾನು ಮನೆಯವರೆಗೂ ಕಾದೆ. ಅವರು ಬಸ್ಸಿನಿಂದ ಇಳಿದು, ಕೊಡೆಯನ್ನು ನನ್ನ ತಲೆಯ ಮೇಲೂ ಹಿಡಿದು, "ನಾನಾಗಿದ್ದರೂ ಆ ಗೇಟು ಮುಚ್ಚಿಯೇ ಇರ್ತಿತ್ತು ಲಲಿತಕ್ಕ" ಎಂದರು. ಬೈದಿದ್ದರೆ ಸಮಾಧಾನ ಆಗುತ್ತಿತ್ತು. ಒಳ್ಳೆಯತನದಲ್ಲೂ ಅವರೇ ನನಗಿಂತ ಮುಂದೆ! ಆ ಒಂದು ಮಾತಿಗೆ ಆದಷ್ಟು ಹೊಟ್ಟೆಕಿಚ್ಚು ನನಗೆ ಅವರ ಪುಸ್ತಕದ ಮೇಲೂ ಆಗಿರಲಿಲ್ಲ.

ಎರಡನೇ ಸ್ಕ್ಯಾನಿಂಗಿನ ದಿನ ಕೋಣೆಯೊಳಗೆ ಮಗುವಿನ ಜೊತೆ ಒಬ್ಬರು ಕೂರಬಹುದು ಎಂದರು. ಟೀಚರ್ ಎದ್ದರು, ನಾನೂ ಎದ್ದೆ. "ಮೈಯಲ್ಲಿ ಕಬ್ಬಿಣ, ಲೋಹ ಇರಬಾರದು" ಎಂದಳು ಅಲ್ಲಿಯ ಹುಡುಗಿ. ಟೀಚರಿನ ಸೊಂಟದಲ್ಲಿ ಬಿದ್ದಾಗ ಹಾಕಿದ ರಾಡು ಉಂಟು. ಅವರು ಮೆಲ್ಲ ಕೂತರು. ನನಗೆ ಕುಣಿಯುವಷ್ಟು ಸಂತೋಷ. ಬಳೆ ತೆಗೆದೆ, ಓಲೆ ತೆಗೆದೆ.

"ಅಜ್ಜಿ, ಮೂಗುತಿ" ಎಂದಳು ಹುಡುಗಿ.

ಮದುವೆಗೆ ಹಾಕಿದ ಮೂಗುತಿ. ಅದರ ತಿರುಪು ಮಾಂಸಕ್ಕೆ ಕಚ್ಚಿಕೊಂಡಿತ್ತು. ಎಳೆದೆ, ತಿರುಗಿಸಿದೆ, ಕಣ್ಣಲ್ಲಿ ನೀರು ಬಂತು, ಬಿಡಲಿಲ್ಲ. ಒಳಗೆ ಧನ್ಯ "ಅಜ್ಜಿ ಬರ್ಲಿ, ಅಜ್ಜಿ ಬರ್ಲಿ" ಎಂದು ಅಳುತ್ತಿದ್ದಳು. ಯಾವ ಅಜ್ಜಿ ಎಂದು ಹೇಳಲಿಲ್ಲ. ಆಗ ಟೀಚರ್ ಕೈತೊಳೆಯುವಲ್ಲಿಂದ ಸಾಬೂನಿನ ನೊರೆ ತಂದು ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದರು.

"ಅಲ್ಲಾಡಬೇಡಿ ಮಾರಾಯ್ತಿ. ಒಂದನೇ ಕ್ಲಾಸಿನ ಮಕ್ಕಳಿಗಿಂತ ಕಡೆ ನೀವು."

ಎಷ್ಟೋ ಮಕ್ಕಳ ಮೂಗು ಒರಸಿದ ಬೆರಳು ಅವು. ತಿರುಪು ಒಂದು ಸುತ್ತು ಬಂತು, ಮತ್ತೊಂದು ಬಂತು. ಮೂಗುತಿಯನ್ನು ಕರವಸ್ತ್ರದಲ್ಲಿ ಕಟ್ಟಿ ತಮ್ಮ ಸೆರಗಿಗೆ ಗಂಟು ಹಾಕಿದರು. "ಹೋಗಿ" ಎಂದರು. ಅವರ ಮುಖ ನೋಡಿದೆ. ನನ್ನ ಜಾಗಕ್ಕೆ ಅವರಿಗೂ ಹೊಟ್ಟೆ ಉರಿಯುತ್ತಿತ್ತು. ಗುರುತು ಹಿಡಿಯದೆ ಇರುತ್ತೇನಾ? ಅದು ನನ್ನದೇ ಕಾಯಿಲೆ.

ಒಳಗೆ ಟಕಟಕ, ಗುರ್ ಗುರ್, ಯಾರೋ ತಗಡಿಗೆ ಬಡಿದ ಹಾಗೆ ಸದ್ದು. ಧನ್ಯಳ ಪಾದ ಮಾತ್ರ ನನಗೆ ಸಿಕ್ಕಿತ್ತು. ಅದನ್ನು ಹಿಡಿದುಕೊಂಡು ಮುಕ್ಕಾಲು ಗಂಟೆ ಕೂತೆ. ಅವಳು ಒಂದು ಬೆರಳೂ ಅಲ್ಲಾಡಿಸಲಿಲ್ಲ.

ಡಾಕ್ಟರು ಪಟವನ್ನು ಬೆಳಕಿಗೆ ಹಿಡಿದಾಗ ನಾವು ಮೂವರೂ ಬಗ್ಗಿದೆವು. ಎಡಗಡೆ ಒಂದು, ಬಲಗಡೆ ಒಂದು, ಸುರುಳಿ ಸುತ್ತಿದ ಎರಡು ಸಣ್ಣ ಆಕಾರ. ಟೀಚರಿಗೆ ತಿಳಿಯಲಿಲ್ಲ. ಶೋಭಳಿಗೂ ತಿಳಿಯಲಿಲ್ಲ. ನನಗೆ ಕಂಡಿತು.

"ಒಂದು ಬೀಡಿ ತುಂಬಿಕೊಂಡುಂಟು. ಇನ್ನೊಂದಕ್ಕೆ ಹೊಗೆಸೊಪ್ಪು ಕಡಿಮೆ ಬಿದ್ದಿದೆ, ಸೊರಗಿ ಹೋಗಿದೆ. ಬ್ರಾಂಚಿನಲ್ಲಾದರೆ ತಿರುಗಿ ಬಿಸಾಡುವ ಬೀಡಿ ಅದು" ಎಂದೆ.

"ಅದೇ ಅಮ್ಮ" ಎಂದು ಡಾಕ್ಟರು ನಕ್ಕರು. "ಅದೇ ಜಾಗ. ಬಲಗಡೆದು ಸೊರಗಿ, ಕಲೆ ಕಟ್ಟಿ ಬಿಳಿಯಾಗಿದೆ. ನೆನಪು ಇಡುವ ಜಾಗ ಇದು. ಫಿಟ್ಸ್ ಇಲ್ಲಿಂದ ಹೊರಡ್ತದೆ."

"ನಾನು ತಡ ಮಾಡಿದ್ದಕ್ಕಾ ಸಾರ್?" ಎಂದು ಕೇಳಿದೆ. ಕೇಳದೆ ಇರಲು ಆಗಲಿಲ್ಲ.

"ಆ ಜ್ವರದ ಫಿಟ್ಸಿನಿಂದ ಹೀಗಾಯ್ತೋ, ಮೊದಲೇ ಅಲ್ಲಿ ಎಂತದೋ ಇದ್ದು ಅದಕ್ಕೇ ಫಿಟ್ಸ್ ಅಷ್ಟು ಉದ್ದ ಹೋಯ್ತೋ, ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲ. ನೀವು ಈಗ ಹೇಳಿದ್ದು ಒಳ್ಳೆಯದಾಯ್ತು."

ತಿರುವನಂತಪುರದಲ್ಲಿ ಆ ಸೊರಗಿದ ತುಂಡು ತೆಗೆಯುವ ಆಪರೇಷನ್ ಆದದ್ದು ಮಳೆ ಕಳೆದು, ಚಳಿ ಮುಗಿಯುವ ಹೊತ್ತಿಗೆ. ತಲೆಗೆ ಬಟ್ಟೆ ಸುತ್ತಿಕೊಂಡ ಮಗು ಕಣ್ಣು ತೆರೆದು ಮೊದಲು ಕೇಳಿದ್ದು ಉಪ್ಪಿನಕಾಯಿ. ಆಮೇಲೆ ಫಿಟ್ಸ್ ಬರಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ನಾನು ಒಂದು ವರ್ಷ ಅವಳ ಬೆರಳು ನೋಡಿದೆ. ಬರಲೇ ಇಲ್ಲ. ಧನ್ಯ ಮತ್ತೆ ಬದಿಯಡ್ಕದ ಶಾಲೆಗೇ ಹೋದಳು, ಈಗ ಪ್ಲಸ್ ವನ್, ಹನ್ನೊಂದನೇ ಕ್ಲಾಸು. ನನಗೆ ಮತ್ತೆ ಶನಿವಾರದ ಬಸ್ಸು.

ರಾಜೇಶನಿಗೆ ಮಾತ್ರ ನಾನು ಆ ಮಧ್ಯಾಹ್ನದ ವಿಷಯ ಹೇಳಲಿಲ್ಲ. ಮಾತು ಕೊಟ್ಟದ್ದು ಅವನಿಗೆ. ಅವನು ರಜೆಯಲ್ಲಿ ಬಂದು "ಅತ್ತೆ" ಎಂದು ಕರೆದಾಗಲೆಲ್ಲ ನಾನು ಒಲೆಯ ಹತ್ತಿರ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಇವತ್ತು ಸಂಜೆ ಎಲ್ಲರೂ ನನ್ನ ಮನೆಗೇ ಬಂದರು. ರಾಜೇಶ, ಶೋಭ, ಧನ್ಯ ಮಂಗಳೂರಿನಿಂದ. ಟೀಚರ್ ಬದಿಯಡ್ಕದಿಂದ, ಕೈಯಲ್ಲಿ ಪತ್ರೊಡೆಯ ಡಬ್ಬಿ. ನಾನು ಬಂಗುಡೆ ಮೀನಿನ ಗಸಿ ಮಾಡಿದ್ದೆ, ನೀರುದೋಸೆ ಹೊಯ್ದಿದ್ದೆ. ಧನ್ಯ ಮೊದಲು ಪತ್ರೊಡೆಗೆ ಕೈ ಹಾಕಿದ್ದನ್ನು ನಾನು ನೋಡಲಿಲ್ಲ ಎಂದುಕೊಳ್ಳಿ. ಐದು ಜನ ನೆಲದಲ್ಲಿ ಸುತ್ತ ಕೂತೆವು. ರಾಜೇಶ ಎರಡನೇ ದೋಸೆ ಮುರಿಯುವಾಗ ನಾನು ಹೇಳಿಬಿಟ್ಟೆ. ಜ್ವರ, ಬೀಗದ ಕೈ, ಗೇಟು, ಎಲ್ಲ. ಹೇಳಿ ಮುಗಿಸುವಾಗ ನನ್ನ ತಟ್ಟೆ ಕಾಣುತ್ತಿರಲಿಲ್ಲ.

"ಗೊತ್ತುಂಟು ಅತ್ತೆ" ಎಂದ ರಾಜೇಶ. "ಅಮ್ಮ ಆಗಲೇ ಹೇಳಿದ್ರು. ನೀವಾಗಿ ಹೇಳುವವರೆಗೆ ಬಾಯಿ ಬಿಡ್ಬೇಡ ಅಂತಲೂ ಹೇಳಿದ್ರು."

"ಟೀಚರೇ!"

"ಎಂತ? ನನ್ನ ಮಗನಿಗೆ ನಾನು ಹೇಳದೆ ಇರ್ತೇನಾ?" ಟೀಚರ್ ಮೀನಿನ ಮುಳ್ಳು ಬಿಡಿಸುತ್ತಾ ತಲೆ ಎತ್ತಲಿಲ್ಲ. "ನೀವು ನಾಲ್ಕು ವರ್ಷ ತೆಗೊಳ್ತೀರಿ ಅಂತ ನನಗೆ ಗೊತ್ತಿತ್ತಾ? ಊಟ ಮಾಡಿ, ಆರ್ತದೆ."

ಧನ್ಯ ನಕ್ಕಳು, ರಾಜೇಶ ನಕ್ಕ. ನನಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ. ಶೋಭ ಈ ಸಲ ಬೇಕಾ, ಸಾಕಾ ಎಂದು ಕೇಳಲಿಲ್ಲ. ಪಾತ್ರೆಗೆ ಸೌಟು ಹಾಕಿ, ಹುಡುಕಿ, ಒಂದು ಇಡೀ ಬಂಗುಡೆ ತೆಗೆದು ನನ್ನ ತಟ್ಟೆಗೆ ಹಾಕಿ, ಅದರ ಮೇಲೆ ಗಸಿ ಹೊಯ್ದು, ನನ್ನ ಮೊಣಕಾಲಿಗೆ ತನ್ನ ಮೊಣಕಾಲು ತಾಗಿಸಿಕೊಂಡು ಕೂತಳು.

ಟೀಚರಿನ ತಟ್ಟೆಯಲ್ಲಿದ್ದ ಮೀನಿಗಿಂತ ಅದು ದೊಡ್ಡದಿತ್ತು. ನೋಡಿಕೊಂಡೇ ತಿಂದೆ.